ಮಂಗನ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಓದುಗರ ಪತ್ರ: ಅಕ್ಕಾ, ನನ್ನದು ಸಿದ್ದಾಪುರ ತಾಲೂಕಿನ ಹಳ್ಳಿ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಎಂಎಸ್ಸಿ ಮುಗಿಸಿದೆ, 64 ಪರ್ಸೆಂಟ್ ಬಂತು. ಈಗ ಕುಮಟಾದ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿದ್ದೇನೆ. ನಮ್ಮ ಕಡೆಯ ಮಂಗನ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡುವ ಆಸೆ. ಡಾಕ್ಟರ್ ಓದದವರಿಗೆ ಅದು ಸಿಗುತ್ತದಾ? ಸಂಶೋಧನಾ ಪೇಪರ್ ಪ್ರಕಟವಾಗಿರದಿದ್ದರೆ ಅರ್ಜಿ ನೋಡುವುದೇ ಇಲ್ಲ, ಹದಿನೈದು ಸಾವಿರ ಕೊಟ್ಟರೆ ಹಾಕಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಅಪ್ಪಯ್ಯ ‘ಇನ್ನೂ ಐದು ವರ್ಷ ಓದಾ?’ ಎನ್ನುತ್ತಾರೆ.

ಸಂಪಾದಕರ ಉತ್ತರ: ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ಮೊದಲು ಆ ಹದಿನೈದು ಸಾವಿರದ ವಿಷಯ. ಕೊಡಬೇಡ. ಪಿಎಚ್‌ಡಿ ಸೇರಲು ಪೇಪರ್ ಇರಲೇಬೇಕು ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿಲ್ಲ. ಅದರ 2022ರ ನಿಯಮಗಳು ಪ್ರಬಂಧ ಒಪ್ಪಿಸುವಾಗಲೂ ಅದನ್ನು ಕಡ್ಡಾಯ ಮಾಡಿಲ್ಲ. ದುಡ್ಡು ಕೊಟ್ಟು ಹಾಕಿಸಿದ ಪೇಪರ್ ಸಂದರ್ಶನದಲ್ಲಿ ನಿನಗೇ ಮುಳುವಾಗುತ್ತದೆ. ‘ಈ ಪ್ರಯೋಗ ಹೇಗೆ ಮಾಡಿದೆ, ಹೀಗೇ ಯಾಕೆ ಮಾಡಿದೆ’ ಎಂದು ಕೇಳಿದರೆ ಏನು ಹೇಳುತ್ತೀ? ನೀನೇ ಮಾಡಿದ ಸಣ್ಣ ಕೆಲಸ ಇದ್ದರೂ ಸಾಕು, ಅದರ ಬಗ್ಗೆ ಅರ್ಧ ಗಂಟೆ ಧೈರ್ಯವಾಗಿ ಮಾತಾಡಬಹುದು.

ಡಾಕ್ಟರ್ ಓದಿರಬೇಕಾಗಿಲ್ಲ. ರೋಗಗಳ ಮೇಲೆ ಸಂಶೋಧನೆ ಮಾಡುವ ಲ್ಯಾಬುಗಳಲ್ಲಿ ಪ್ರಾಣಿಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ ಓದಿ ಬಂದವರು ಬಹಳ ಜನ. ಯುಜಿಸಿ ಪ್ರಕಾರ ಎಂಎಸ್ಸಿಯಲ್ಲಿ 55 ಪರ್ಸೆಂಟ್ ಇದ್ದರೆ ಸಾಕು, ನಿನಗೆ ಅದಕ್ಕಿಂತ ಜಾಸ್ತಿಯೇ ಇದೆ.

ಅಪ್ಪಯ್ಯನಿಗೆ ಒಂದು ಮಾತು ತಿಳಿಸಿ ಹೇಳು. ಇದು ಮನೆಯಿಂದ ಫೀಸು ಕಟ್ಟಿ ಓದುವ ಓದಲ್ಲ. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ವಿಜ್ಞಾನ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆಯೂ ಉಂಟು. ಅವರ ಮನಸ್ಸಿನಲ್ಲಿ ನಿನ್ನ ಮದುವೆಯ ಚಿಂತೆಯೂ ಇರಬಹುದು. ಅದೇ 2022ರ ನಿಯಮಗಳಲ್ಲಿ ಹೆಣ್ಣುಮಕ್ಕಳಿಗೆ 240 ದಿನದವರೆಗೆ ಹೆರಿಗೆ ರಜೆ ಇದೆ, ಮುಗಿಸಲು ಹೆಚ್ಚಿನ ಕಾಲಾವಕಾಶವೂ ಇದೆ.

ನೆಟ್ ಒಂದನ್ನೇ ನಂಬಿ ಕೂರಬೇಡ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಜೆಆರ್‌ಎಫ್ ಪರೀಕ್ಷೆಗಳು ಬೇರೆ ಇವೆ, ಗೇಟ್ ಇದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಂಥ ಕಡೆ ಸೇರಲು ಜೆಗೀಬಿಲ್ಸ್ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಇವೆಲ್ಲಕ್ಕೂ ಓದುವ ಮೂಲ ಪಾಠ ಹೆಚ್ಚುಕಡಿಮೆ ಒಂದೇ.

ಆದರೆ ನಾನು ಒತ್ತಿ ಹೇಳಬೇಕಾದದ್ದು ಪರೀಕ್ಷೆಯ ಮಾತಲ್ಲ. ನಿನ್ನ ಪತ್ರದಲ್ಲಿ ನನಗೆ ಕಂಡ ಕೊರತೆ ಒಂದೇ, ಸಂಶೋಧನಾ ಲ್ಯಾಬಿನಲ್ಲಿ ಕೆಲಸ ಮಾಡಿದ ಅನುಭವ. ಈಗಿನ ಲ್ಯಾಬಿನಲ್ಲಿ ಶುಚಿ, ಅಚ್ಚುಕಟ್ಟು, ದಾಖಲೆ ಇಡುವುದು ಎಲ್ಲ ಕಲಿತಿರುತ್ತೀ, ಅದು ಸಣ್ಣದಲ್ಲ. ಅಲ್ಲಿ ಗೊತ್ತಿರುವ ಪರೀಕ್ಷೆಯನ್ನು ಸರಿಯಾಗಿ ಮಾಡಿದರೆ ಆಯಿತು. ಸಂಶೋಧನೆಯಲ್ಲಿ ಪ್ರಯೋಗ ತಿಂಗಳುಗಟ್ಟಲೆ ಕೈಕೊಡುತ್ತದೆ, ಯಾಕೆ ಕೈಕೊಟ್ಟಿತು ಎಂದು ಹುಡುಕುವುದೇ ಕೆಲಸ. ಅದು ನಿನಗೆ ಹಿಡಿಸುತ್ತದಾ ಅಂತ ಐದು ವರ್ಷಕ್ಕೆ ಸಹಿ ಹಾಕುವ ಮೊದಲು ತಿಳಿಯಬೇಕು, ಅಲ್ವಾ?

ಹಾಗಾಗಿ ಒಂದು ವರ್ಷ ಪ್ರಾಜೆಕ್ಟ್ ಕೆಲಸಕ್ಕೆ ಸೇರು. ಬೆಳಗಾವಿಯಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ಐಐಎಸ್ಸಿ, ನಿಮ್ಹಾನ್ಸ್, ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ. ಇವುಗಳ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ನೋಡುತ್ತಿರು. ಸಂಬಳ ಜಾಸ್ತಿ ಇರುವುದಿಲ್ಲ, ನಿಜ. ಆದರೆ ಆ ವರ್ಷದ ಕೊನೆಗೆ ನೀನು ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಒಬ್ಬ ವಿಜ್ಞಾನಿ ನಿನ್ನ ಬಗ್ಗೆ ಶಿಫಾರಸು ಪತ್ರ ಬರೆಯುತ್ತಾರೆ. ‘ಶಿಸ್ತಿನ ಹುಡುಗಿ, ಒಳ್ಳೆಯ ನಡತೆ’ ಎಂದು ಪ್ರಿನ್ಸಿಪಾಲರು ಬರೆದ ಹತ್ತು ಪತ್ರ ಅದಕ್ಕೆ ಸಾಟಿಯಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಂತೂ ಸಾಮಾನ್ಯವಾಗಿ ಇಂಥ ಮೂರು ಪತ್ರ ಕೇಳುತ್ತವೆ. ಅಲ್ಲಿ ಬಯೋಮೆಡಿಕಲ್ ಪಿಎಚ್‌ಡಿಗೆ ಹೆಚ್ಚಾಗಿ ಫೀಸೂ ಇಲ್ಲ, ಜೀವನಕ್ಕೆ ದುಡ್ಡೂ ಕೊಡುತ್ತಾರೆ. ಬಹಳಷ್ಟು ಕಡೆ ಡಿಸೆಂಬರ್ ಹೊತ್ತಿಗೆ ಅರ್ಜಿ ಮುಗಿಯುತ್ತದೆ.

ಇನ್ನು ಅರ್ಜಿಯ ಬರಹ. ‘ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂದು ಶುರು ಮಾಡಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಮಂಗನ ಕಾಯಿಲೆ ಇವತ್ತಿಗೂ ನಿಮ್ಮ ತಾಲೂಕಿನಲ್ಲಿ ಜನರನ್ನು ಕಾಡುತ್ತಿದೆ. ಉಣುಗಿನಿಂದ ಹರಡುತ್ತದೆ ಎಂದು ಗೊತ್ತು. ಹಳೆಯ ಲಸಿಕೆಯ ರಕ್ಷಣೆ ಸಾಲದೆ ಅದನ್ನು ನಿಲ್ಲಿಸಿದ್ದಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಮತ್ತೆ ಬರುತ್ತದೆ, ಆಗ ಮೆದುಳಿಗೂ ತೊಂದರೆ ಆಗಬಹುದು. ಎಲ್ಲರಿಗೂ ಯಾಕೆ ಹಾಗಾಗುವುದಿಲ್ಲ? ಇಂಥ ಒಂದು ಪ್ರಶ್ನೆ ಹಿಡಿ. ಅದರ ಮೇಲೆ ಯಾರು ಏನು ಮಾಡಿದ್ದಾರೆ ಓದು, ನೀನು ಏನು ನೋಡಬೇಕೆಂದಿದ್ದೀ ಬರೆ. ಈ ವೈರಸ್ಸನ್ನು ಜೀವಂತ ಇಟ್ಟು ಕೆಲಸ ಮಾಡಲು ತುಂಬಾ ಬಿಗಿ ಸುರಕ್ಷತೆಯ ಲ್ಯಾಬ್ ಬೇಕು, ಪುಣೆಯ ಸಂಸ್ಥೆಯಲ್ಲಿ ಅಂಥದ್ದು ಇದೆ. ಗೈಡ್ ಆರಿಸುವಾಗ ಇದು ನೆನಪಿರಲಿ. ನಿನ್ನ ಮನೆಯ ಸುತ್ತಲ ಕಾಡು, ಸೊಪ್ಪಿಗೆ ಹೋಗುವ ಜನ, ಇದೆಲ್ಲ ಬೆಂಗಳೂರಿನ ಅರ್ಜಿದಾರರಿಗೆ ಗೊತ್ತಿಲ್ಲದ ವಿಷಯ. ಅದನ್ನು ಮುಚ್ಚಿಡಬೇಡ.

ಈ ವಾರವೇ ಒಂದು ಕೆಲಸ ಮಾಡು. ಕೋಡಿಬಾಗದಲ್ಲಿ ನಿನ್ನ ಎಂಎಸ್ಸಿ ಪ್ರಾಜೆಕ್ಟ್ ನೋಡಿದ ಮೇಷ್ಟ್ರನ್ನು ಹೋಗಿ ಕಾಣು. ಪ್ರಾಜೆಕ್ಟ್ ವರದಿ ಕೈಯಲ್ಲೇ ಇರಲಿ. ಪ್ರಾಜೆಕ್ಟ್ ಹುದ್ದೆಗೆ ನಿನ್ನ ಹೆಸರು ಹೇಳಬಹುದಾದ ಮೊದಲ ಮನುಷ್ಯ ಅವರೇ.