ಎದುರಿಗಿರುವವರು ಯಾರೆಂದು ಗೊತ್ತಾಗಲ್ಲ, ಅವರಿಗೆ ಬೇಜಾರಾಗಿದ್ದು ಮಾತ್ರ ಗೊತ್ತಾಗುತ್ತೆ. ಇದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ನನ್ನದೂ ಇದೇ ಕಥೆ. ಮದುವೆ ಮನೆಯಲ್ಲಿ ಯಾರಾದರೂ ಬಂದು "ನಾನ್ಯಾರು ಹೇಳು ನೋಡೋಣ?" ಅಂದರೆ ನನಗೆ ಬೆವರು ಕಿತ್ತುಕೊಳ್ಳುತ್ತದೆ. ಹೆಸರು ಮರೆತಿರುವುದಲ್ಲ, ಆ ಮುಖವನ್ನೇ ಮೊದಲ ಸಲ ನೋಡಿದ ಹಾಗಿರುತ್ತದೆ. ನಾನು ತಡವರಿಸುತ್ತಿದ್ದಂತೆ ಆ ಮುಖ ಸಪ್ಪಗಾಗುತ್ತದಲ್ಲ, ಅದು ಮಾತ್ರ ಚೆನ್ನಾಗಿ ಕಾಣುತ್ತದೆ!

ಇದು ವಿಚಿತ್ರವೇನಲ್ಲ. "ಇವರು ಯಾರು" ಮತ್ತು "ಇವರಿಗೆ ಏನನ್ನಿಸುತ್ತಿದೆ" ಎಂಬ ಎರಡು ಕೆಲಸಗಳನ್ನು ಮಿದುಳು ಬಹುಮಟ್ಟಿಗೆ ಬೇರೆ ಬೇರೆ ದಾರಿಯಲ್ಲಿ ಮಾಡುತ್ತದೆ. ಮಿದುಳಿನ ಕೆಳಭಾಗದಲ್ಲಿ, ಹೆಚ್ಚಾಗಿ ಬಲಗಡೆ, ಫ್ಯೂಸಿಫಾರ್ಮ್ ಎಂಬ ಮಡಿಕೆ ಇದೆ. ಅಲ್ಲಿನ ಒಂದು ಜಾಗ ಬೇರೆ ವಸ್ತುಗಳಿಗಿಂತ ಮುಖ ಕಂಡಾಗ ಜಾಸ್ತಿ ಚುರುಕಾಗುತ್ತದೆ ಎಂದು 1997ರಲ್ಲಿ ಮಿದುಳು ವಿಜ್ಞಾನಿ ನ್ಯಾನ್ಸಿ ಕ್ಯಾನ್ವಿಶರ್ ಮತ್ತು ಸಂಗಡಿಗರು ತೋರಿಸಿದರು. ಗುರುತು ಹಿಡಿಯುವುದರಲ್ಲಿ ಅದರ ಪಾತ್ರ ದೊಡ್ಡದು. ಹುಬ್ಬು ಗಂಟಿಕ್ಕುವುದು, ತುಟಿ ಕೊಂಕುವುದು, ನೋಟ ತಿರುಗುವುದು, ಇಂಥ ಚಲನೆಗಳನ್ನು ಹೆಚ್ಚಾಗಿ ಗಮನಿಸುವುದು ಕಿವಿಯ ಮೇಲ್ಗಡೆಯ ಇನ್ನೊಂದು ಭಾಗ. ಎರಡರ ನಡುವೆ ಗೋಡೆಯೇನಿಲ್ಲ, ಮಾತುಕತೆ ಇದ್ದೇ ಇರುತ್ತದೆ. ಆದರೂ ಒಂದು ಕುಂಟಿದರೆ ಇನ್ನೊಂದು ನಡೆಯಬಲ್ಲದು.

ನಮಗೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ವೈದ್ಯಲೋಕದಲ್ಲಿ ಎಸ್.ಎಂ. ಎಂಬ ಎರಡಕ್ಷರದಿಂದಲೇ ಪರಿಚಿತರಾದ ಅಮೆರಿಕದ ಮಹಿಳೆಯೊಬ್ಬರಿಗೆ ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲಾ ಹಾಳಾಗಿತ್ತು. ಮಿದುಳಿನೊಳಗಿನ ಬಾದಾಮಿಯಂಥ ಪುಟ್ಟ ಭಾಗ ಅದು. ಅವರು ಪರಿಚಿತರ ಮುಖಗಳನ್ನು ಸಲೀಸಾಗಿ ಗುರುತಿಸುತ್ತಿದ್ದರು. ಆದರೆ ಹೆದರಿದ ಮುಖದ ಫೋಟೋ ತೋರಿಸಿದರೆ ಅದು ಹೆದರಿಕೆ ಅಂತ ಗೊತ್ತಾಗುತ್ತಿರಲಿಲ್ಲ. ಕಾರಣ ನನಗೆ ತುಂಬಾ ಹಿಡಿಸಿದ್ದು: ಅವರು ಕಣ್ಣುಗಳ ಕಡೆ ತಾವಾಗಿ ನೋಡುತ್ತಲೇ ಇರಲಿಲ್ಲ, ಹೆದರಿಕೆ ಎದ್ದು ಕಾಣುವುದೇ ಅಗಲವಾದ ಕಣ್ಣುಗಳಲ್ಲಿ ಅಲ್ವಾ? "ಕಣ್ಣು ನೋಡಿ" ಎಂದು ಹೇಳಿದಾಗ ಸರಿಯಾಗಿ ಗುರುತಿಸಿದರು. ಹೇಳುವುದನ್ನು ಬಿಟ್ಟರೆ ಮತ್ತೆ ಮೊದಲಿನಂತೆಯೇ. 2005ರಲ್ಲಿ ಇದು ಪ್ರಕಟವಾಯಿತು. ಅಂದರೆ ಅಮಿಗ್ಡಲಾ ಸುಮ್ನೆ ಭಯದ ಸ್ವಿಚ್ ಅಲ್ಲ, ಎಲ್ಲಿ ನೋಡಬೇಕು ಎಂಬುದನ್ನೂ ಅದು ತಿದ್ದುತ್ತದೆ.

ನಮ್ಮ ತೊಂದರೆಗೆ ಪ್ರೊಸೊಪಗ್ನೋಸಿಯಾ ಎಂಬ ಹೆಸರಿದೆ. ನಾಲಿಗೆ ತಿರುಗದಿದ್ದರೆ ಮುಖಗುರುಡು ಅನ್ನಿ. ಹುಟ್ಟಿನಿಂದ ಇರುವವರು ನೂರಕ್ಕೆ ಸುಮಾರು ಇಬ್ಬರು ಎನ್ನುವ ಅಂದಾಜಿದೆ. ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೇ ಇದು ಇತ್ತು. ಗಡ್ಡದ ವ್ಯಕ್ತಿಯೊಬ್ಬರಿಗೆ ಡಿಕ್ಕಿ ಹೊಡೆಯಲಿದ್ದೆ ಎಂದು ಕ್ಷಮೆ ಕೇಳಿ, ಆಮೇಲೆ ನೋಡಿದರೆ ಅದು ಕನ್ನಡಿಯಲ್ಲಿದ್ದ ತಾವೇ ಎಂದು ಅವರು ಬರೆದುಕೊಂಡಿದ್ದಾರೆ. ನನಗೆ ಇನ್ನೂ ಅಷ್ಟು ಆಗಿಲ್ಲ, ಪುಣ್ಯ.

ನಿಮಗೆ ಚಿಕ್ಕಂದಿನಿಂದ ಹೀಗಿದ್ದರೆ ಗಾಬರಿ ಬೇಡ. ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಿನಿಂದಲೂ ಹೀಗಾಗಬಹುದು. ನಾನು ದನಿ, ನಡಿಗೆ, ಕೂದಲು ನೋಡಿ ಸಂಭಾಳಿಸುತ್ತೇನೆ. ಮದುವೆಗಳಲ್ಲಿ ಅಮ್ಮನ ಪಕ್ಕವೇ ನಿಲ್ಲುತ್ತೇನೆ. ಯಾರಾದರೂ ಬರುತ್ತಿದ್ದಂತೆ ಅಮ್ಮನೇ ಮೊದಲು ಜೋರಾಗಿ "ಓ, ತುಮಕೂರು ಅತ್ತೆ ಬಂದ್ರು" ಅನ್ನುತ್ತಾರೆ.