ಡಾಟ್ ಕಾಂ ವೆಬ್‌ಸೈಟ್ ಹೆಸರು ಮಾರೋರು ಅಷ್ಟೊಂದು ಜನ ಇದ್ರೂ ರಿನ್ಯೂವಲ್ ರೇಟ್ ಯಾಕೆ ಇಳಿಯಲ್ಲ?

ಕಾಂಪಿಟಿಷನ್ ಇರೋದು ಅಂಗಡಿಗಳ ನಡುವೆ ಮಾತ್ರ, ಸರಕು ಬರೋದು ಒಂದೇ ಮಂಡಿಯಿಂದ. ನೀವು ಯಾವ ರಿಜಿಸ್ಟ್ರಾರ್ (ಅಂದ್ರೆ ಹೆಸರು ಮಾರೋ ಕಂಪನಿ) ಹತ್ರ ತಗೊಂಡ್ರೂ ಪ್ರತಿ ಡಾಟ್ ಕಾಂ ಹೆಸರಿಗೆ ಅವರು ವರ್ಷವರ್ಷ ಡಾಟ್ ಕಾಂ ಪಟ್ಟಿ ನಡೆಸೋ ವೆರಿಸೈನ್ ಅನ್ನೋ ಅಮೆರಿಕದ ಕಂಪನಿಗೆ ದುಡ್ಡು ಕಟ್ಟಲೇಬೇಕು. ಆ ಹೋಲ್‌ಸೇಲ್ ರೇಟು 2012ರಿಂದ 7.85 ಡಾಲರ್‌ಗೆ ನಿಂತಿತ್ತು, 2018ರಲ್ಲಿ ರೇಟ್ ಏರಿಸೋಕಿದ್ದ ತಡೆಯನ್ನ ಅಮೆರಿಕದ ಕಾಮರ್ಸ್ ಇಲಾಖೆ ತೆಗೀತು, 2021ರಿಂದ ವರ್ಷಕ್ಕೊಂದು ಸಲದಂತೆ ನಾಲ್ಕು ಸಲ ಏರಿ 2024ರ ಸೆಪ್ಟೆಂಬರ್‌ಗೆ 10.26 ಆಯ್ತು. ರಿಜಿಸ್ಟ್ರಾರ್ ಚೇಂಜ್ ಮಾಡಿದ್ರೆ ಉಳಿಯೋದು ಅವರ ಮಾರ್ಜಿನ್ ಅಷ್ಟೇ.

ನನಗೆ ಸಿಟ್ಟು ಬರೋದು ರೇಟ್‌ಗಿಂತ ಕಾಂಟ್ರ್ಯಾಕ್ಟ್ ನೋಡಿ. ಇಂಟರ್ನೆಟ್ ಹೆಸರುಗಳನ್ನ ನೋಡಿಕೊಳ್ಳೋ ಸಂಸ್ಥೆ ಐಕ್ಯಾನ್ ಜೊತೆ ಡಾಟ್ ಕಾಂಗೆ ವೆರಿಸೈನ್ ಮಾಡ್ಕೊಂಡಿರೋ ಈ ಅಗ್ರಿಮೆಂಟ್ ಆರಾರು ವರ್ಷದ್ದು, ಆದ್ರೆ ಅವಧಿ ಮುಗಿದಾಗ ಟೆಂಡರ್ ಕರೆಯಲ್ಲ, ದೊಡ್ಡ ತಪ್ಪೇನೂ ಮಾಡದಿದ್ರೆ ಮತ್ತೆ ವೆರಿಸೈನ್‌ಗೇ ಹೋಗುತ್ತೆ ಅಂತ ಅದರಲ್ಲೇ ಬರೆದಿದೆ, 2024ರ ಕೊನೆಗೂ ಹಾಗೇ ಆಯ್ತು. ಸರ್ವರ್‌ಗಳನ್ನ ಅವರು ಚೆನ್ನಾಗೇ ನಡೆಸ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೇರೆಯವರ ಕೈಗೆ ಕೊಟ್ರೆ ಎಲ್ಲಾ ಕೆಟ್ಟೋಗುತ್ತೆ ಅನ್ನೋ ವಾದ ಒಪ್ಪೋಕಾಗಲ್ಲ. ಡಾಟ್ ಆರ್ಗ್ ಕೂಡ ಮೊದಲು ವೆರಿಸೈನ್ ಕೈಲೇ ಇತ್ತು, 2003ರಲ್ಲಿ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ ಅನ್ನೋ ಸಂಸ್ಥೆಗೆ ಹೋಯ್ತು. ನಮ್ಮ ದೇಶದ ಡಾಟ್ ಇನ್ ನಿಕ್ಸಿ ಅನ್ನೋ ಸಂಸ್ಥೆಯದ್ದು, ಅದರ ಟೆಕ್ನಿಕಲ್ ಕೆಲಸಕ್ಕೆ ಟೆಂಡರ್ ಕರೆದು 2019ರಲ್ಲಿ ಅಫಿಲಿಯಾಸ್ ಕಂಪನಿ ಬದಲು ನ್ಯೂಸ್ಟಾರ್ ಕಂಪನಿ ಬಂತು. ಎರಡೂ ಇವತ್ತಿಗೂ ನಡೀತಿವೆ.

ಇನ್ನೊಂದು ಉದಾಹರಣೆ ತುಂಬಾ ಮುಖ್ಯ. 2005ರಲ್ಲಿ ಡಾಟ್ ನೆಟ್‌ಗೆ ಐಕ್ಯಾನ್ ಬಿಡ್ ಕರೀತು, ಐದು ಜನ ಬಂದ್ರು, ಗೆದ್ದಿದ್ದು ವೆರಿಸೈನೇ, ಆದ್ರೆ 6 ಡಾಲರ್ ಇದ್ದ ರೇಟು ಐಕ್ಯಾನ್ ಫೀ ಸೇರಿ 4.25ಕ್ಕೆ ಇಳೀತು. ಅದೇ ಕಂಪನಿ, ಅದೇ ಕೆಲಸ, ಎದುರಿಗೆ ಇನ್ನೊಬ್ರು ಇದ್ರು ಅಷ್ಟೇ!

ಡಾಟ್ ಕಾಂ ಬೇಡ ಅಂದ್ರೆ ಬೇರೆ ತಗೊಳ್ಳಿ ಅಂತಾರೆ ಕೆಲವರು. ಹೊಸಬರಿಗೆ ಸರಿ, ಡಾಟ್ ಇನ್ ತಗೋಬಹುದು. ಹತ್ತು ವರ್ಷದಿಂದ ಬೋರ್ಡು, ಬಿಲ್ ಬುಕ್ಕು, ಇಮೇಲ್ ಎಲ್ಲಾ ಒಂದೇ ಹೆಸರಲ್ಲಿ ನಡೆಸಿರೋರು ಎಲ್ಲಿಗೆ ಹೋಗ್ಬೇಕು? ಆ ಜನ ಬಿಟ್ಟು ಹೋಗೋಕಾಗಲ್ಲ ಅನ್ನೋ ಕಾರಣಕ್ಕೇ ರೇಟ್ ಏರಿಸೋಕೆ ಆಗೋದು, ಅದಕ್ಕೇ ಡಾಟ್ ಕಾಂಗೂ ಟೆಂಡರ್ ಕರೀಲೇಬೇಕು ಅಂತೀನಿ.

ಸದ್ಯಕ್ಕೆ ನೀವು ಮಾಡಬಹುದಾದ್ದು ಇಷ್ಟು: ರೇಟ್ ಏರಿಸೋಕೆ ಆರು ತಿಂಗಳು ಮುಂಚೆ ವೆರಿಸೈನ್ ನೋಟಿಸ್ ಕೊಡ್ಬೇಕು, ಆ ಸುದ್ದಿ ಬಂದ ತಕ್ಷಣ ಒಟ್ಟು 10 ವರ್ಷದವರೆಗೂ ಮುಂಗಡ ರಿನ್ಯೂ ಮಾಡ್ಕೊಂಡ್ಬಿಡಿ.