ಖಾಸಗಿತನದ ಹಕ್ಕನ್ನು ಸಂವಿಧಾನದಲ್ಲಿ ಬರೆಯಲೇಬೇಕಾ?

ಪತ್ರ: ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಖಾಸಗಿತನದ ಮಾತು ಎಲ್ಲೂ ಇಲ್ಲ. ಕೋರ್ಟ್ ಕೊಟ್ಟಿದ್ದನ್ನು ನಾಳೆ ಕೋರ್ಟೇ ಕಿತ್ತುಕೊಳ್ಳಬಹುದು. ತಿದ್ದುಪಡಿ ತಂದು ಬರೆದುಬಿಟ್ಟರೆ ನಿಶ್ಚಿಂತೆ ಅಲ್ವಾ? ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲೇ ಬಂದವರ ಫೋಟೊ, ಫೋನ್ ನಂಬರ್ ಎಲ್ಲ ತೆಗೆದುಕೊಳ್ಳುತ್ತಾರೆ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಆತಂಕಕ್ಕೆ ಕಾರಣ ಇದೆ. ಇಂಥ ಹಕ್ಕು ಸಂವಿಧಾನದಲ್ಲಿಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. 1962ರಲ್ಲಿ ಆರು ಜನರ ಪೀಠದ ಬಹುಮತವೂ ಅದನ್ನೇ ಹೇಳಿತು. 2015ರಲ್ಲಿ ಆಧಾರ್ ಕೇಸಿನಲ್ಲಿ ಕೇಂದ್ರ ಸರ್ಕಾರ ಈ ಹಳೆಯ ತೀರ್ಪುಗಳನ್ನೇ ಹಿಡಿದು ವಾದ ಮಾಡಿತು. ಆ ಕೇಸು ಹಾಕಿದ್ದವರು ನಮ್ಮ ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ದೆಹಲಿಯ ಕೋರ್ಟಿಗೆ ಹೋದ ಅವರ ಋಣ ನಮ್ಮೆಲ್ಲರ ಮೇಲಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹಳೆಯ ಮಾತನ್ನು ತಳ್ಳಿಹಾಕಿದರು. 21ನೇ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಖಾಸಗಿತನವೂ ಸೇರಿದೆ ಎಂದರು. ಇದನ್ನು ಅಳಿಸಲು ಇನ್ನೂ ದೊಡ್ಡ ಪೀಠವೇ ಕೂರಬೇಕು.

ಬರೆದುಬಿಟ್ಟರೆ ನಿಶ್ಚಿಂತೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶಿಕ್ಷಣದ ಹಕ್ಕಿನ ಕತೆ ನೋಡಿ. ಅದೂ ಶುರುವಾಗಿದ್ದು ಕರ್ನಾಟಕದಿಂದಲೇ. ಇಲ್ಲಿನ ಖಾಸಗಿ ಮೆಡಿಕಲ್ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕದ ವಿರುದ್ಧದ ಕೇಸಿನಲ್ಲಿ, 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಮೂಲಭೂತ ಹಕ್ಕು ಎಂದಿತು. ಮರುವರ್ಷ ಇನ್ನೊಂದು ತೀರ್ಪು ಅದನ್ನು 14 ವರ್ಷದವರೆಗಿನ ಮಕ್ಕಳ ಉಚಿತ ಶಿಕ್ಷಣಕ್ಕೆ ಸೀಮಿತ ಮಾಡಿತು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಆದರೆ ಅದರಲ್ಲಿ ಬರೆದದ್ದು 6ರಿಂದ 14 ವರ್ಷ. ಆರು ತುಂಬದ ಮಕ್ಕಳು ಹಕ್ಕಿನಿಂದ ಹೊರಗೆ ಉಳಿದರು. ಕೋರ್ಟ್ ಅಷ್ಟು ಅಗಲವಾಗಿ ಹೇಳಿದ್ದನ್ನು ತಿದ್ದುಪಡಿ ಕಿರಿದು ಮಾಡಿತು.

ಖಾಸಗಿತನಕ್ಕೂ ಹೀಗೇ ಆಗುತ್ತದೆ ಎಂಬ ಭಯ ನನ್ನದು. ಹೊಸ ವಿಧಿ ಬರೆಯುವವರು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಅಂತ ವಿನಾಯಿತಿಗಳ ಸಾಲನ್ನೂ ಜೊತೆಗೇ ಬರೆಯುತ್ತಾರೆ. ಈಗ ಸರ್ಕಾರ ನಮ್ಮ ಬದುಕಿನೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಉದ್ದೇಶ ಸರಿ ಇರಬೇಕು, ಬೇಕಾದ್ದಕ್ಕಿಂತ ಜಾಸ್ತಿ ಕಿತ್ತುಕೊಳ್ಳಬಾರದು. 2017ರ ತೀರ್ಪು ಇಟ್ಟ ಈ ಅಳತೆಯನ್ನು ಸಡಿಲಿಸಲು ನಾವೇ ಯಾಕೆ ಅವಕಾಶ ಕೊಡಬೇಕು?

ಕೊರತೆ ಇರುವುದು ಸಂವಿಧಾನದ ಕೆಳಗೆ ಬರುವ ಸಾಮಾನ್ಯ ಕಾನೂನಿನಲ್ಲಿ. ನಿಮ್ಮ ಗೇಟಿನ ವಿಷಯವನ್ನೇ ತೆಗೆದುಕೊಳ್ಳಿ. ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರ್ಕಾರದ ಎದುರಿಗೆ ನಿಲ್ಲುವಂಥವು. ಗೇಟಿನಲ್ಲಿ ಬಂದುಹೋಗುವವರ ವಿವರ ದಾಖಲಿಸುವ ಅಸೋಸಿಯೇಷನ್ನಿನ ಆ್ಯಪ್ ಅನ್ನು ಕಟ್ಟಿಹಾಕಲು ಸಾಮಾನ್ಯ ಕಾನೂನೇ ಬೇಕು. ನೀವು ಅತಿಥಿಗಳ ಬಗ್ಗೆ ಬರೆದಿದ್ದೀರಿ. ನನಗೆ ಮನೆಗೆಲಸದವರ ಚಿಂತೆ ಜಾಸ್ತಿ. ಅವರು ಯಾವ ಮನೆಗೆ ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂಬುದು ಎಷ್ಟೋ ಕಡೆ ಆ್ಯಪಿನಲ್ಲಿ ದಾಖಲಾಗುತ್ತದೆ, ಕೆಲವು ಕಡೆ ಸ್ಟಾರ್ ರೇಟಿಂಗ್ ಕೂಡ. ಬೇಡ ಅಂದರೆ ಒಳಗೆ ಬಿಡುವುದಿಲ್ಲ. ಕೆಲಸ ಹೋಗುವ ಭಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಖಾಸಗಿಯವರಿಗೆ ಒಂದಷ್ಟು ಲಗಾಮು ಹಾಕುತ್ತದೆ. ಆದರೆ ಅದರ 17ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಭದ್ರತೆ, ಸುವ್ಯವಸ್ಥೆಯ ಹೆಸರಿನಲ್ಲಿ ತನ್ನ ಯಾವುದೇ ಸಂಸ್ಥೆಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಹಾಗೆ ಕೊಡುವ ಮೊದಲು ನ್ಯಾಯಾಧೀಶರ ಅನುಮತಿಯೇನೂ ಬೇಕಿಲ್ಲ. ನಿಮಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಇದೆ. ಸಂವಿಧಾನ ತಿದ್ದುಪಡಿಗೆ ಸಹಿ ಸಂಗ್ರಹಿಸುವ ಬದಲು, ಈ ಸೆಕ್ಷನ್ ಬದಲಾಯಿಸಿ ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಅವರಿಂದ ಉತ್ತರ ಬಂದರೆ ನಮಗೂ ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ